ಕೊನೆಯ ಕ್ಯಾಸೆಟ್ಟಿನ ಇಪ್ಪತ್ತೆರಡು ನಿಮಿಷ

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಸ್ಟುಡಿಯೋ ಅನ್ನುವುದು ಈಗ ಬೋರ್ಡಿನ ಮೇಲೆ ಮಾತ್ರ ಉಳಿದಿರುವ ಮಾತು. ನಾನು ತೆಗೆಯುವುದು ಪಾಸ್‌ಪೋರ್ಟ್ ಸೈಜಿನ ಫೋಟೋ, ಮಾಡುವುದು ಲ್ಯಾಮಿನೇಷನ್ನು ಮತ್ತು ಜೆರಾಕ್ಸು. ಮದುವೆಗಳೆಲ್ಲ ಡ್ರೋನ್ ಹಾರಿಸುವವರ ಪಾಲಾಗಿವೆ. ಅವರನ್ನು ಕಂಡರೆ ನನಗೇನೂ ಹೊಟ್ಟೆಯುರಿ ಇಲ್ಲ ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತೇನೆ. ನನ್ನ ಹೆಂಡತಿ ಮಾತ್ರ ನಂಬುವುದಿಲ್ಲ.

ಹದಿನೆಂಟು ಇಪ್ಪತ್ತು ವರ್ಷದ ಹಿಂದೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನಾನು ಕಾಲಿಡದ ಚಪ್ಪರ ಇರಲಿಲ್ಲ. ಹೆಗಲ ಮೇಲೆ ಡಿಜಿಟಲ್ ವಿಡಿಯೋ ಕ್ಯಾಮೆರಾ, ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಕ್ಯಾಸೆಟ್ಟುಗಳು. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ, ಒಂದು ಮದುವೆಗೆ ನಾಲ್ಕು ಕ್ಯಾಸೆಟ್ಟು. ಈಗಿನವರು ಉಗುರಿನಷ್ಟು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಾಫಿ ಕುಡಿದು ಬರುವಷ್ಟರಲ್ಲಿ ಇಡೀ ಮದುವೆ ಒಳಗೆ ಹೋಗಿ ಕೂತಿರುತ್ತದೆ. ನಮಗೆ ಹಾಗಿರಲಿಲ್ಲ. ಕ್ಯಾಮೆರಾವನ್ನೂ ಕಂಪ್ಯೂಟರನ್ನೂ ಒಂದು ಕೇಬಲ್ಲಿನಿಂದ ಜೋಡಿಸಿ, ಕ್ಯಾಸೆಟ್ಟನ್ನು ಮೊದಲಿನಿಂದ ಓಡಿಸಬೇಕು. ಅದು ಓಡುತ್ತಾ ಹೋದ ಹಾಗೆ ಕಂಪ್ಯೂಟರು ಬರೆದುಕೊಳ್ಳುತ್ತದೆ. ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಸರಿಯಾಗಿ ಒಂದು ಗಂಟೆಯೇ ಬೇಕು. ಅಷ್ಟು ಹೊತ್ತು ಮೌಸ್ ಮುಟ್ಟಬಾರದು, ಕರೆಂಟು ಹೋಗಬಾರದು. ಒಂದು ಸಲ ನಾನು ನಡುವೆ ಅದೇ ಕಂಪ್ಯೂಟರಿನಲ್ಲಿ ಇಸ್ಪೀಟು ಆಡಲು ಹೋಗಿ, ಕೆ.ಆರ್.ಪೇಟೆಯ ಮದುಮಗನ ಕೈ ತಾಳಿ ಕಟ್ಟುತ್ತಿದ್ದದ್ದು ಅಲ್ಲಿಂದ ನೇರ ಹಪ್ಪಳಕ್ಕೆ ಹಾರಿಬಿಟ್ಟಿತ್ತು.

ಹೀಗಾಗಿ ಈ ನಾಲ್ಕು ತಾಲ್ಲೂಕಿನ ಮದುವೆಗಳನ್ನು ನಾನು ಎರಡೆರಡು ಸಲ ನೋಡಿದವನು. ನೋಡಿದವನೇ ಹೊರತು ಕೇಳಿದವನಲ್ಲ. ಇಳಿಸುವಾಗ ಸ್ಪೀಕರ್ ಆಫ್ ಮಾಡಿಬಿಡುತ್ತಿದ್ದೆ. ಎಡಿಟಿಂಗಿಗೆ ಕೂತರೆ ಮೊದಲ ಕೆಲಸವೇ ದನಿ ತೆಗೆಯುವುದು. ಓಲಗ, ಮಕ್ಕಳ ಅಳು, ಅಡಿಗೆಯವರ ಕೂಗು, ಹೆಂಗಸರು ಹೇಳುವ ಸೋಬಾನೆ ಪದ, ಎಲ್ಲವನ್ನೂ ಒಂದೇ ಏಟಿಗೆ ಒರೆಸಿ, ಆ ವರ್ಷ ಓಡಿದ ಸಿನಿಮಾದ ಹಾಡನ್ನು ಮೇಲೆ ಸುರಿಯುವುದು. ನಾನೊಬ್ಬನೇ ಅಲ್ಲ, ನಮ್ಮ ಕಡೆ ಕ್ಯಾಮೆರಾ ಹಿಡಿದವರೆಲ್ಲ ಹೀಗೇ ಮಾಡುತ್ತಿದ್ದೆವು. ಜನವೂ ಅದನ್ನೇ ಕೇಳುತ್ತಿದ್ದರು. ಕೇಳದೇ ಇದ್ದವರು ಒಬ್ಬರೇ ಒಬ್ಬರು, ಅವರ ವಿಷಯಕ್ಕೇ ಬರುತ್ತಿದ್ದೇನೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ಸಿ.ಡಿ. ಕೊಟ್ಟು ಮೂರು ತಿಂಗಳು ಕಳೆದರೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಬ್ಬರ ಮದುವೆ ತೆಗೆಯುತ್ತಿದ್ದೆವು. ಹಳೆಯದರ ಮೇಲೆ ಹೊಸದು ಕೂತರೆ ಹಳೆಯದು ಹೋಯಿತು. ಲೇಬಲ್ಲಿನ ಮೇಲೆ ಹಳೆಯ ಊರಿನ ಹೆಸರಿಗೆ ಗೀಟು ಹೊಡೆದು ಹೊಸ ಊರು ಬರೆಯುವುದು. ಎರಡು ಮೂರು ಊರು ಆದ ಮೇಲೆ ಆ ಕ್ಯಾಸೆಟ್ಟಿಗೆ ನಿವೃತ್ತಿ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಎಸೆಯುತ್ತಿದ್ದೆ.

ಕಳೆದ ವರ್ಷ ಸಂಕ್ರಾಂತಿ ಕಳೆದು ವಾರವಾಗಿರಬೇಕು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಮುಂದೆ ಬಂದವರಿಗೆ ನಲವತ್ತೈದು ಇರಬಹುದು. ಹಿಂದೆ ಕಂಬಿ ಹಿಡಿದು ನಿಧಾನವಾಗಿ ಹತ್ತಿದ ಮುದುಕಿ ಕೊರಳಿನ ಸುತ್ತ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಫೋಟೋ ತೆಗೆಸಲು ಬಂದವರು ಅಂದುಕೊಂಡು ಸ್ಟೂಲು ಎಳೆದು, ಸೆರಗು ಸ್ವಲ್ಪ ಇಳಿಸಿಕೊಳ್ಳಿ ಅಂದೆ. ಮುದುಕಿ ನನ್ನನ್ನೇ ನೋಡುತ್ತಾ ನಿಂತರು. ಸೆರಗು ಇಳಿಸಲಿಲ್ಲ.

"ಪೋಟೋಗಲ್ಲ ಅಣ್ಣ," ಅಂದರು ಮುಂದಿದ್ದವರು. "ನಮ್ಮ ನಾದ್ನಿ ಮದ್ವೆ ಈಡ್ಯೋ ತಗ್ದಿದ್ದು ನೀವೇ ಅಲ್ವಾ, ಬೆಳಗೊಳದ ತಾವು? ಇವ್ರು ನಮ್ಮತ್ತೆ. ಆಗ ಒಂದ್ಸಲ ಇಲ್ಲಿಗೇ ಬಂದು ನಿಮ್ಮೇಲೆ ಜಗಳ ಆಡ್ಕೊಂಡೋಗಿದ್ರಂತೆ."

ನೆನಪಾಯಿತು. ನೆನಪಾಗದೆ ಇರಲು ಸಾಧ್ಯವಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಯಾರಾದರೂ ಸರಿಯಾಗಿ ಒಂದು ಮಾತು ಕೇಳಿದ್ದರೆ ಅದು ಆ ಹೆಂಗಸು. ಮಗಳ ಮದುವೆಯ ಸಿ.ಡಿ. ನೋಡಿದ ಮಾರನೇ ದಿನವೇ ಬೆಳಗೊಳದಿಂದ ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಕೈಯಲ್ಲಿ ಆ ಸಿ.ಡಿ., ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಅಲ್ಲ ಕಣಪ್ಪ, ಮಡ್ಲಕ್ಕಿ ಉಯ್ಯೋವಾಗ ನಾನು ಬಾಯಿ ಆಡುಸ್ತಾವ್ನಿ. ಬರ್ತಾ ಇರೋದು ಯಾವಳೋ ಸಿನಿಮಾದೋಳ ದನಿ. ಬಾಯಿ ನಂದು, ಗಂಟ್ಲು ಯಾರ್ದು?"

ನಾನು ನಕ್ಕಿದ್ದೆ. ಎಲ್ಲರ ಮದುವೆಗೂ ಹೀಗೇ ಮಾಡುವುದು, ಸೋಬಾನೆ ಪದ ಈಗ ಯಾರು ಕೇಳುತ್ತಾರೆ, ಬರೀ ಗಲಾಟೆ ಥರ ಕೇಳಿಸುತ್ತದೆ ಅಂದಿದ್ದೆ.

"ಅಂಗಾರೆ ನನ್ ದನಿ ಎಲ್ಲೋಯ್ತು?"

"ತೆಗ್ದಾಕ್ಬುಟ್ಟೆ ಕಣವ್ವ."

ಅವರು "ಆಯ್ತು ಬುಡು" ಅಂದು ಇಳಿದು ಹೋಗಿದ್ದರು. ಆವತ್ತು ಅವರ ನಾಲ್ಕೂ ಕ್ಯಾಸೆಟ್ಟುಗಳು ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಒಂದು ಮಧ್ಯಾಹ್ನ ಕೂತಿದ್ದರೆ ಆ ದನಿಯನ್ನು ವಾಪಸು ಹಾಕಿಕೊಡಬಹುದಿತ್ತು. ನಾನು ಸೋಮಾರಿಯಲ್ಲ, ಆದರೆ ನನ್ನ ಕೆಲಸದಲ್ಲಿ ತಪ್ಪು ತೋರಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಮಾಡಲಿಲ್ಲ.

ಈಗ ಅದೇ ಹೆಂಗಸು ನನ್ನೆದುರು ಮಾತಿಲ್ಲದೆ ನಿಂತಿದ್ದರು. ಕೂರಿಸಿ, ಏನಾಗಬೇಕು ಹೇಳವ್ವ ಅಂದೆ. ಅವರು ತುಟಿ ಅಲ್ಲಾಡಿಸಿದರು. ಉಸಿರಿನಷ್ಟೂ ಸದ್ದು ಬರಲಿಲ್ಲ. ಸೊಸೆ ಮಾತು ಎತ್ತಿಕೊಂಡರು.

"ಮೂರು ವರ್ಸ ಆಯ್ತು ಅಣ್ಣ. ಗಂಟ್ಲಲ್ಲಿ ಗೆಡ್ಡೆ ಆಗಿತ್ತು. ಮೈಸೂರ್ನಲ್ಲಿ ಆಪರೇಸನ್ ಮಾಡಿ, ದನಿ ಪೆಟ್ಗೇನೇ ತೆಗ್ದಾಕ್ಬುಟ್ರು."

ತೆಗ್ದಾಕ್ಬುಟ್ರು. ನಾನು ಹೇಳಿದ್ದ ಮಾತೇ. ಸೊಸೆಗೆ ಅದು ಗೊತ್ತಿರಲು ಸಾಧ್ಯವಿಲ್ಲ, ಅತ್ತೆಗೆ ನೆನಪಿತ್ತೋ ಇಲ್ಲವೋ. ನಾನು ಮಾತ್ರ ಮರೆತಿರಲಿಲ್ಲ.

ಅವರು ಬಂದ ಕೆಲಸ ಇದು. ಇನ್ನೊಂದು ತಿಂಗಳಿಗೆ ಸೊಸೆಯ ಮಗಳ ಮದುವೆ. ಅಂದರೆ ಅಜ್ಜಿಗೆ ಮೊಮ್ಮಗಳು. ಗಂಡು ಕಿಕ್ಕೇರಿಯ ಕಡೆಯವನು, ಛತ್ರ ಶ್ರೀರಂಗಪಟ್ಟಣದಲ್ಲಿ. ಹೆಣ್ಣಿನ ಮಡಿಲಿಗೆ ಅಕ್ಕಿ ಹುಯ್ದು ಗಂಡಿನ ಮನೆಗೆ ಕಳಿಸುವಾಗ ಅವರ ಮನೆಯಲ್ಲಿ ಒಂದು ಪದ ಹೇಳುತ್ತಾರೆ. ಬೇರೆ ಮನೆಗಳಲ್ಲಿ ಇಲ್ಲದ ಪದ. ಅಜ್ಜಿಗೆ ಅವರತ್ತೆ ಕಲಿಸಿದ್ದು, ಆ ಅತ್ತೆಗೆ ಅವರತ್ತೆ. ಅಜ್ಜಿ ಮುಂದೆ ನಿಂತು ಒಂದೊಂದೇ ಸಾಲು ಎತ್ತಿಕೊಡುತ್ತಿದ್ದರು, ಉಳಿದ ಹೆಂಗಸರು ಹಿಂದಿನಿಂದ ಮತ್ತೆ ಮತ್ತೆ ಬರುವ ಸೊಲ್ಲು ಸೇರಿಸುತ್ತಿದ್ದರು.

"ನಮ್ಗೆ ಬರೋದು ಸೊಲ್ಲು ಮಾತ್ರ," ಅಂದರು ಸೊಸೆ. "ಇವ್ರು ಇದ್ದೇ ಇರ್ತಾರಲ್ಲ ಅಂತ ಯಾರೂ ಕಲಿನಿಲ್ಲ. ಬಾಯಿ ನೋಡ್ಕೊಂಡು ಬರ್ಕೊಳಕ್ಕೆ ನೋಡಿದ್ವು. ಇವ್ರಿಗೆ ರಾಗ ಇಲ್ದೆ ಪದ ಬರಕ್ಕಿಲ್ಲ. ಎಲ್ಡು ಸಾಲಿಗೆ ನಿಂತೋಯ್ತಾರೆ. ಸಿ.ಡಿ.ಲಿ ಸಿನಿಮಾ ಹಾಡು ಐತೆ. ಮೂಲದ್ರಲ್ಲಿ ದನಿ ಇರ್ತದೆ ಅಂತ ಯಾರೋ ಅಂದ್ರು. ಆ ಕ್ಯಾಸೆಟ್ಟು ಐತಾ ಅಣ್ಣ?"

ಹುಡುಕುತ್ತೇನೆ ಅಂದೆ. ಅವರು ಹೋದ ಮೇಲೆ ಅಟ್ಟ ಹತ್ತಿ ಏಳು ಬಿಸ್ಕತ್ತಿನ ಪೆಟ್ಟಿಗೆ ಇಳಿಸಿದೆ. ಧೂಳಿಗೆ ಸೀನುತ್ತಾ, ಹೆಂಡತಿಯ ಮೇಲೆ ರೇಗುತ್ತಾ ಎರಡು ದಿನ ಹುಡುಕಿದೆ. ಮಡಿಲಕ್ಕಿ ಬರುವುದು ನಾಲ್ಕನೆಯ ಕ್ಯಾಸೆಟ್ಟಿನಲ್ಲಿ. ಸಿಕ್ಕಿತು. ಲೇಬಲ್ಲಿನ ಮೇಲೆ ನನ್ನದೇ ಅಕ್ಷರ, ಬೆಳಗೊಳ ಮದುವೆ ನಾಲ್ಕು. ಅದರ ಮೇಲೆ ನನ್ನದೇ ಗೀಟು. ಕೆಳಗೆ ಕೆ.ಆರ್.ಪೇಟೆ ಗೃಹಪ್ರವೇಶ ಅಂತ ಬರೆದಿತ್ತು.

ಫೋನ್ ಮಾಡಿ ಇಲ್ಲ ಕಣಮ್ಮ ಅಂದು ಕೈ ತೊಳೆದುಕೊಳ್ಳಬಹುದಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡೆ ಕೂಡ. ಅಳಿಸಿದ್ದು ನಾನು, ಓಡಿಸಿ ನೋಡದೆ ಇಲ್ಲ ಅನ್ನುವುದಕ್ಕೂ ನಾನೇ ಆಗಬೇಕಾ ಅನ್ನಿಸಿತು. ಓಡಿಸೋಣ ಅಂದರೆ ನನ್ನ ಕ್ಯಾಮೆರಾದ ಕ್ಯಾಸೆಟ್ಟು ಹಾಕುವ ಬಾಯಿ ಅಂಟಿಕೊಂಡು ವರ್ಷಗಳಾಗಿತ್ತು. ಅಂಥ ಕ್ಯಾಮೆರಾ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದವನು ನನಗೆ ತಿಳಿದಂತೆ ಒಬ್ಬನೇ, ನಾಗಮಂಗಲದ ನನ್ನ ಹಳೆಯ ಜೊತೆಗಾರ. ಅವನೂ ಈಗ ಕ್ಯಾಮೆರಾ ಬಿಟ್ಟು ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ಬಸ್ಸು ಹತ್ತಿ ಹೋದೆ.

ಅವನು ಬೀರುವಿನಿಂದ ಕ್ಯಾಮೆರಾ ತೆಗೆದ. ಯಾವುದೋ ಮದುವೆಯಲ್ಲಿ ಹೊದಿಸಿದ್ದ ಶಾಲಿನಲ್ಲಿ ಸುತ್ತಿ, ತೇವ ಹಿಡಿಯದಿರಲಿ ಅಂತ ಒಂದು ಅಕ್ಕಿ ಗಂಟು ಜೊತೆಗಿಟ್ಟಿದ್ದ. ಕೊಡುವ ಮುಂಚೆ ಕೇಳಿದ.

"ಯಾವ್ ಕೆಲ್ಸ ಬಂತ್ಲಾ ಇದಕ್ಕೆ?"

"ಒಂದು ಸೋಬಾನೆ ಪದ ಇಳುಸ್ಬೇಕು ಕಣ್ಲಾ."

"ಒಂದು ಪದಕ್ಕೆ ನಾಗಮಂಗಲಕ್ಕೆ ಬಂದ್ಯಾ. ಸಾವ್ರ ಪದ ಒರೆಸಾಕ್ದೋನು ನೀನು."

"ನೀನೇನು ಕಮ್ಮಿ ಒರೆಸ್ದಾ?"

ಅವನು ಒಂದು ಗಳಿಗೆ ಕೊಟ್ಟಿಗೆಯ ಕಡೆ ನೋಡಿ, "ನಾನೂ ಒರೆಸಿವ್ನಿ, ತಗೊಂಡೋಗು" ಅಂದ. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದು, ಟೇಪು ಓದುವ ಹೆಡ್ಡು ಕ್ಲೀನ್ ಮಾಡದೆ ಕ್ಯಾಸೆಟ್ಟು ಹಾಕಬೇಡ ಅಂತ ಮೂರು ಸಲ ಹೇಳಿದ. ಮಗುವನ್ನು ನೆಂಟರ ಮನೆಗೆ ಕಳಿಸುವವನ ಹಾಗೆ ಆಡುತ್ತಿದ್ದ.

ಕೇಬಲ್ಲು ಸಿಕ್ಕಿಸುವ ಕಿಂಡಿ ಇರುವ ಹಳೆಯ ಕಂಪ್ಯೂಟರು ನನ್ನ ಮನೆಯಲ್ಲೇ ಇತ್ತು. ಹೆಂಡತಿ ಅದರ ಮೇಲೆ ಹೂವಿನ ಬುಟ್ಟಿ ಇಡುತ್ತಿದ್ದಳು. ಬುಟ್ಟಿ ಇಳಿಸಿ, ಕಂಪ್ಯೂಟರನ್ನು ಸ್ಟುಡಿಯೋಗೆ ಹೊತ್ತು ತಂದು, ಎರಡು ದಿನ ಒದ್ದಾಡಿ ಎಬ್ಬಿಸಿದೆ. ಆಮೇಲೆ ಅತ್ತೆ ಸೊಸೆಯನ್ನು ಬರಹೇಳಿದೆ.

ಅವರು ಬಂದಾಗ ಮೊದಲೇ ಸತ್ಯ ಹೇಳಿಬಿಟ್ಟೆ. ಕ್ಯಾಸೆಟ್ಟು ಸಿಕ್ಕಿದೆ, ಆದರೆ ಅದರ ಮೇಲೆ ಇನ್ನೊಂದು ಫಂಕ್ಷನ್ನು ತೆಗೆದುಬಿಟ್ಟಿದ್ದೇನೆ, ನಿಮ್ಮದು ಉಳಿದಿರಲಾರದು. ಸೊಸೆಯ ಮುಖ ಸಣ್ಣದಾಯಿತು. ಅಜ್ಜಿ ಕೈಯಿಂದ ಕಂಪ್ಯೂಟರಿನ ಕಡೆ ತೋರಿಸಿದರು. ಹಾಕು ಅಂತ.

"ಹಾಕ್ತೀನಿ. ಒಂದು ಗಂಟೆ ಆಗ್ತದೆ ಕಣವ್ವ. ಅಲ್ಲೀಗಂಟ ಕೂತಿರ್ಬೇಕು."

ಅವರು ಗೋಡೆಯ ಗಡಿಯಾರ ನೋಡಿ ತಲೆಯಾಡಿಸಿದರು. ಈ ಸಲ ಸ್ಪೀಕರ್ ಆನ್ ಮಾಡಿದೆ.

ಕೆ.ಆರ್.ಪೇಟೆಯ ಗೃಹಪ್ರವೇಶ ಶುರುವಾಯಿತು. ಹೊಸ ಮನೆಯೊಳಕ್ಕೆ ಹಸುವನ್ನು ಹೊಡೆಯಲು ನೋಡುತ್ತಿದ್ದರು. ಹಸು ಮೆಟ್ಟಿಲು ಹತ್ತಲೊಲ್ಲದು. ಒಬ್ಬರು ಹುಲ್ಲು ತೋರಿಸುತ್ತಾರೆ, ಒಬ್ಬರು ಬಾಲ ತಿರುಚುತ್ತಾರೆ, ಪುರೋಹಿತರು ಪಕ್ಕಕ್ಕೆ ಸರಿದು ಪಂಚೆ ಎತ್ತಿ ಕಟ್ಟುತ್ತಾರೆ. ಕೊನೆಗೆ ಹಸು ಒಳಗೆ ಹೋಗಿ ಹೊಸ ನಡುಮನೆಯಲ್ಲಿ ಮಾಡಬೇಕಾದ್ದನ್ನು ಮಾಡಿತು. ಅಜ್ಜಿ ಹೆಗಲು ಕುಣಿಸಿಕೊಂಡು ನಕ್ಕರು. ನಗುವಿಗೂ ಸದ್ದಿಲ್ಲ. ಸೊಸೆ ನಗಲಿಲ್ಲ, ಒಂದೊಂದು ನಿಮಿಷವೂ ತನ್ನ ಮನೆಯ ಪದದ ಮೇಲೆ ಯಾರೋ ನಡೆದಾಡುತ್ತಿರುವ ಹಾಗೆ ಆ ಹೊಸ ಮನೆಯನ್ನು ನೋಡುತ್ತಿದ್ದರು. ನನಗೆ ಎದ್ದು ಆಚೆ ಹೋಗಿಬಿಡೋಣ ಅನ್ನಿಸುತ್ತಿತ್ತು. ಇಳಿಸುವಾಗ ಓಡಾಡಬಾರದು ಅಂತ ನಾನೇ ಹೇಳಿದ್ದರಿಂದ ಕೂತಿದ್ದೆ.

ಮೂವತ್ತೆಂಟು ನಿಮಿಷಕ್ಕೆ ಊಟದ ಎಲೆಗಳು ಬಂದವು, ಪರದೆ ನೀಲಿಯಾಯಿತು, ಕಂಪ್ಯೂಟರು ತಾನಾಗಿ ನಿಂತಿತು. ಮುಗಿಯಿತು ಅಂತ ಪರದೆಯ ಮೇಲೆ ಬರೆದು ತೋರಿಸಿತು. ನಾನು ಉಸಿರು ಬಿಟ್ಟು, "ಇಷ್ಟೇ ಕಣಮ್ಮ, ನಾನ್ ಹೇಳ್ಲಿಲ್ವಾ" ಅಂದು ಕ್ಯಾಸೆಟ್ಟು ತೆಗೆಯಲು ಕೈ ಚಾಚಿದೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಹೊಲದಲ್ಲಿ ದುಡಿದ ಕೈ, ಹಿಡಿತ ಬಿಗಿಯಾಗಿತ್ತು. ಇನ್ನೊಂದು ಕೈಯಲ್ಲಿ ಗಡಿಯಾರ ತೋರಿಸಿದರು. ನನಗೆ ಅರ್ಥವಾಗಲಿಲ್ಲ.

"ಒಂದು ಗಂಟೆ ಅಂದಿದ್ರಲ್ಲ ಅಣ್ಣ," ಅಂದರು ಸೊಸೆ. "ಇನ್ನೂ ಒಂದು ಗಂಟೆ ಆಗ್ಲಿಲ್ಲ ಅಂತಾವ್ರೆ."

ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ, ಅಥವಾ ಬೇಗ ಮುಗಿಸಿ ಅವರನ್ನು ಕಳಿಸುವ ಆತುರದಲ್ಲಿ ಹೊಳೆಯಲು ಬಿಟ್ಟಿರಲಿಲ್ಲ. ಹೊಸದು ಎಲ್ಲಿಗೆ ನಿಂತಿದೆಯೋ ಅಲ್ಲಿಂದಾಚೆಗೆ ಕ್ಯಾಸೆಟ್ಟಿನಲ್ಲಿ ಹಳೆಯದು ಹಾಗೇ ಇರುತ್ತದೆ. ಎರಡರ ನಡುವೆ ಒಂದಿಷ್ಟು ಖಾಲಿ ಜಾಗ ಬಿದ್ದು ಕ್ಯಾಮೆರಾದ ನಿಮಿಷದ ಎಣಿಕೆ ಕಡಿದುಹೋಗುತ್ತದೆ, ಕಂಪ್ಯೂಟರು ಅದನ್ನೇ ಕೊನೆ ಅಂದುಕೊಂಡು ನಿಂತುಬಿಡುತ್ತದೆ. ಕಂಪ್ಯೂಟರಿಗೆ ಬುದ್ಧಿ ಇಲ್ಲ ಅನ್ನೋಣ, ನನಗೇನಾಗಿತ್ತು. ಓದು ಬರಹ ಇಲ್ಲದ ಅಜ್ಜಿ ನನ್ನ ಮಾತನ್ನು ನಂಬಿ ಲೆಕ್ಕ ಹಾಕಿದ್ದರು. ಒಂದು ಗಂಟೆ ಅಂದ ಮೇಲೆ ಒಂದು ಗಂಟೆ.

ಕ್ಯಾಮೆರಾದ ಗುಂಡಿಯನ್ನು ಕೈಯಿಂದಲೇ ಒತ್ತಿ ಮತ್ತೆ ಓಡಿಸಿದೆ. ನೀಲಿ, ಒಂದಿಷ್ಟು ಗೆರೆ, ಚೌಕ ಚೌಕವಾಗಿ ಒಡೆದ ಬಣ್ಣ. ಆಮೇಲೆ ತೆಂಗಿನ ಗರಿಯ ಚಪ್ಪರ. ಬೆಳಗೊಳ.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡರು. ಪರದೆಯ ಮೇಲೆ ಅವರೇ, ತೆಳ್ಳಗೆ, ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಿಂತಿದ್ದರು. ಮದುವೆಯಾಗಲಿರುವುದು ಅದೇ ಮಗು. ಅಜ್ಜಿಯ ತಲೆ ಇನ್ನೂ ಅರ್ಧ ಕಪ್ಪಾಗಿತ್ತು. ಮಣೆಯ ಮೇಲೆ ಕೂತ ಮದುಮಗಳ ಮಡಿಲಿಗೆ ಅಕ್ಕಿ ಹುಯ್ಯಲು ಶುರುಮಾಡಿ ಪದ ಎತ್ತಿದರು. ಆದರೆ ನನ್ನ ದೊಡ್ಡ ಲೈಟು ಹೆಂಗಸರ ಮುಖಕ್ಕೇ ಹೊಡೆಯುತ್ತಿತ್ತು. ಅವರು ಕಣ್ಣು ಕಿರಿದು ಮಾಡಿ, ನಾಚಿಕೊಂಡು, ನಾಲ್ಕು ಸಾಲು ಹೇಳುವಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ನನ್ನ ದನಿ ಬಂತು.

"ಸಾಕ್ ಬುಡ್ರವ್ವ. ಲೈಟ್ ಕಾದೋಗದೆ. ಇಷ್ಟಿದ್ರೆ ಆಯ್ತದೆ."

ಪದ ನಿಂತಿತು. ಲೈಟು ಆರಿತು. ಚಿತ್ರ ತೂಗಾಡಿ, ಕೆಳಗಿಳಿದು, ಒಂದು ಕಡೆ ಕೂತಿತು. ಕ್ಯಾಮೆರಾವನ್ನು ಕುರ್ಚಿಯ ಮೇಲೆ ಇಟ್ಟು ನಾನು ಊಟಕ್ಕೆ ಹೋಗಿದ್ದೆ, ಆಫ್ ಮಾಡುವುದನ್ನು ಮರೆತು. ಈಗ ಕಾಣುತ್ತಿದ್ದದ್ದು ಸೀರೆಯ ಅಂಚುಗಳು, ಕಾಲುಂಗುರದ ಬೆರಳುಗಳು, ಒಂದು ಹಿತ್ತಾಳೆ ತಟ್ಟೆ, ಚೆಲ್ಲಿದ ಅಕ್ಕಿ.

"ಹೋದ್ನಾ?" ಅಂತ ಯಾರೋ ಹೆಂಗಸು ಕೇಳಿದಳು.

"ಹೋದ." ಇದು ಅಜ್ಜಿಯ ದನಿ. "ಪದಾನ ಅರ್ಧಕ್ಕೆ ಬುಟ್ರೆ ಹೆಣ್ಣಿಗೆ ಒಳ್ಳೇದಾಗಕ್ಕಿಲ್ಲ. ಬನ್ರವ್ವ, ಮೊದ್ಲಿಂದ ಯೋಳವ."

ಮೊದಲಿಂದ ಹೇಳಿದರು. ಏಳೆಂಟು ನಿಮಿಷ ಇರಬಹುದು. ಇಂಪಾದ ದನಿಯೇನಲ್ಲ, ಸ್ವಲ್ಪ ಒರಟು. ಪಕ್ಕದ ಹೊಲದಲ್ಲಿರುವವರನ್ನು ಕರೆದು ಅಭ್ಯಾಸವಾದ ಗಂಟಲು. ಮದುಮಗಳು ಮನೆಯ ಒಂದೊಂದನ್ನೂ ಹೋಗಿಬರಲಾ ಅಂತ ಕೇಳುತ್ತಾಳೆ. ಕೊಟ್ಟಿಗೆಯ ಎಮ್ಮೆಯನ್ನು ಕೇಳುತ್ತಾಳೆ, ಹಿತ್ತಲಿನ ನುಗ್ಗೆ ಮರವನ್ನು, ಬಚ್ಚಲ ಒಲೆಯನ್ನು, ನಾಲೆಯ ಮೆಟ್ಟಿಲನ್ನು ಕೇಳುತ್ತಾಳೆ. ಒಂದೊಂದೂ ಒಂದೊಂದು ನೆಪ ಹೇಳಿ ತಡೆಯುತ್ತದೆ. ಎಮ್ಮೆ, ಬೇರೆಯವರ ಕೈಗೆ ನಾನು ಹಾಲು ಇಳಿಸೋಳಲ್ಲ ಅನ್ನುತ್ತದೆ. ನುಗ್ಗೆ ಮರ, ಈ ಸಲದ ಕಾಯಿ ಬಲಿತ ಮೇಲೆ ಹೋಗು ಅನ್ನುತ್ತದೆ. ಕೊನೆಗೆ ಹೊಸಿಲನ್ನು ಕೇಳುತ್ತಾಳೆ.

ಹೊಸಿಲು ಏನು ಹೇಳಬೇಕೋ ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು. ಕ್ಯಾಸೆಟ್ಟಿನ ಆ ಜಾಗ ಕೆಟ್ಟುಹೋಗಿತ್ತು. ದನಿ ಒಂದು ಸಾಲಿನಷ್ಟು ಇಲ್ಲವಾಯಿತು. ನಾನು ಅಜ್ಜಿಯ ಕಡೆ ತಿರುಗಿದೆ. ಅಷ್ಟು ಹೊತ್ತೂ ಅವರು ಕ್ಯಾಸೆಟ್ಟಿನ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದರು, ಈಗ ರಾಗ ಸಿಕ್ಕಿತ್ತಲ್ಲ. ದನಿ ಹೋದರೂ ತುಟಿ ನಿಲ್ಲಿಸಿರಲಿಲ್ಲ. ಸೊಸೆ ಅವರ ಬಾಯಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ದಾಟಕ್ಕೂ ಅಪ್ಪಣೆ ಬ್ಯಾಡ, ಬರಕ್ಕೂ ಅಪ್ಪಣೆ ಬ್ಯಾಡ."

ಅಜ್ಜಿ ಹೌದು ಅಂತ ಸೊಸೆಯ ತೊಡೆ ತಟ್ಟಿದರು. ಅಷ್ಟರಲ್ಲಿ ಕ್ಯಾಸೆಟ್ಟಿನ ದನಿ ಮರಳಿ ಬಂತು, ಪದ ಮುಗಿಯಿತು, ಹೆಂಗಸರು ಅಕ್ಷತೆ ಹಾಕುವ ಸದ್ದು, ಬಳೆಗಳ ಸದ್ದು. ನಾನು ನಿಲ್ಲಿಸಲು ಹೋಗಲಿಲ್ಲ. ಅವರ ಲೆಕ್ಕದ ಒಂದು ಗಂಟೆ ಇನ್ನೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆಯ ಆ ಸೀರೆ ಅಂಚುಗಳ ನಡುವಿಂದ ಅಜ್ಜಿಯ ದನಿಯೇ ಮತ್ತೆ ಕೇಳಿಸಿತು.

"ಆ ಈಡ್ಯೋದವ್ನು ಉಂಡ್ನಾ ನೋಡ್ರವ್ವ. ಬೆಳಗ್ನಿಂದ ನಿಂತೇ ಅವ್ನೆ."

ಯಾರೋ, ಉಣ್ತಾವ್ನೆ ಅಂದರು. ಆಮೇಲೆ ಒಂದು ಜೊತೆ ಚಪ್ಪಲಿ ಕಾಲು ಕುರ್ಚಿಯ ಹತ್ತಿರ ಬಂತು. ನನ್ನ ಕಾಲು. ನನ್ನ ದನಿ.

"ಥೂ, ಆನ್ ಆಗೇ ಐತಲ್ಲ. ಇಷ್ಟೂ ವೇಸ್ಟು."

ಅಲ್ಲಿಗೆ ಕ್ಯಾಸೆಟ್ಟು ಮುಗಿಯಿತು. ಗಡಿಯಾರದಲ್ಲಿ ಒಂದು ಗಂಟೆ ಆಗಿ ಸ್ವಲ್ಪ ಮೇಲಾಗಿತ್ತು.

ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. ನನಗೆ ಅಳು ಬಂದಿತ್ತು, ಬರಲಿಲ್ಲ ಅಂತ ಹೇಳಿಕೊಳ್ಳುವ ವಯಸ್ಸು ದಾಟಿದ್ದೇನೆ. ಕಣ್ಣೊರೆಸಿಕೊಂಡು ಅಜ್ಜಿಯ ಕಡೆ ನೋಡಿದರೆ ಅವರು ನಗುತ್ತಿದ್ದರು. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಹುಬ್ಬು ಏರಿಸಿದರು. ಉಂಡ್ಯಾ ಅಂತ.

"ಉಂಡಿದ್ದೆ ಕಣವ್ವ," ಅಂದೆ. "ನೀವು ಪದ ಯೋಳ್ತಿದ್ದಾಗ ಉಣ್ತಾ ಕೂತಿದ್ದೆ."

ಆ ಪದವನ್ನು ಅವತ್ತೇ ಬೇರೆ ಮಾಡಿ ಸೊಸೆಯ ಫೋನಿಗೆ ಹಾಕಿಕೊಟ್ಟೆ. ನನ್ನ ವೇಸ್ಟು ಅನ್ನುವ ಮಾತನ್ನು ಮಾತ್ರ ಕತ್ತರಿಸೋಣ ಅಂದುಕೊಂಡು ಮೌಸ್ ಹಿಡಿದೆ, ಆಮೇಲೆ ಬಿಟ್ಟೆ. ಇನ್ನೂ ಎಷ್ಟು ಅಂತ ತೆಗೆದುಹಾಕಲಿ. ಕ್ಯಾಸೆಟ್ಟನ್ನು ಅಜ್ಜಿಗೇ ಕೊಟ್ಟೆ. ಅವರು ಅದನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿದರು. ಮದುವೆಗೆ ಬರಬೇಕು ಅಂತ ಸೊಸೆ ಕರೆದರು. ಅಜ್ಜಿ ಕ್ಯಾಮೆರಾ ಹಿಡಿಯುವ ಸನ್ನೆ ಮಾಡಿ, ಅದು ಬೇಡ ಅಂತ ಕೈಯಾಡಿಸಿ, ಎರಡೂ ಅಂಗೈ ತೆರೆದು ತೋರಿಸಿದರು, ಬರಿಗೈಯಲ್ಲಿ ಬಾ ಅಂತ.

ಬರಿಗೈಯಲ್ಲೇ ಹೋದೆ. ಶ್ರೀರಂಗ‌ಪಟ್ಟಣದ ಛತ್ರ, ಮೂರು ಕ್ಯಾಮೆರಾ, ಮೇಲೊಂದು ಡ್ರೋನು. ಧಾರೆಯಾಗಿ, ಮಧ್ಯಾಹ್ನದ ಹೊತ್ತಿಗೆ ಮಡಿಲಕ್ಕಿಗೆ ಮಣೆ ಹಾಕಿದರು. ಊಟದ ಎರಡನೇ ಪಂಕ್ತಿ ಎದ್ದಿತ್ತು, ನನ್ನನ್ನು ಯಾರೋ ಮೂರನೆಯದಕ್ಕೆ ಕರೆಯುತ್ತಿದ್ದರು. ಸೊಸೆ ಮಗಳ ಮಡಿಲಿಗೆ ಮೊದಲ ಬೊಗಸೆ ಅಕ್ಕಿ ಹುಯ್ದು ಪದ ಎತ್ತಿದರು. ಮೊದಲ ಸಾಲಿಗೆ ದನಿ ನಡುಗಿತು, ಎಮ್ಮೆಯ ಹತ್ತಿರ ಬರುವಷ್ಟರಲ್ಲಿ ಸರಿಹೋಯಿತು. ಹತ್ತು ಹನ್ನೆರಡು ಹೆಂಗಸರು ಸೊಲ್ಲು ಹಿಡಿದರು. ನಡುವೆ ಕುರ್ಚಿಯಲ್ಲಿ ಅಜ್ಜಿ. ಸೊಸೆ ಸಾಲು ಎತ್ತುವುದಕ್ಕೆ ಒಂದು ಗಳಿಗೆ ಮೊದಲೇ ಅವರ ತುಟಿ ಶುರುವಾಗುತ್ತಿತ್ತು. ಸೊಸೆ ಆ ತುಟಿಯನ್ನೇ ನೋಡಿಕೊಂಡು ಹೇಳುತ್ತಿದ್ದರು. ಬಾಯಿ ಅಜ್ಜಿಯದು, ಗಂಟಲು ಅಷ್ಟೂ ಹೆಂಗಸರದು.

ಪಕ್ಕದಲ್ಲಿ ಕ್ಯಾಮೆರಾ ಹಿಡಿದಿದ್ದ ಮೂವತ್ತರ ಆಸುಪಾಸಿನವನು ನನ್ನನ್ನು ಗುರುತಿಸಿ ಪಿಸುಗುಟ್ಟಿದ.

"ಸಾರ್, ಅಜ್ಜಿ ಬರೀ ಬಾಯಿ ಆಡುಸ್ತಾವ್ರೆ, ಸೌಂಡೇ ಇಲ್ಲ. ಇದ್ಕೊಂದು ಸಾಂಗ್ ಹಾಕ್ಬುಟ್ರೆ ಆಯ್ತದೆ ಅಲ್ವಾ?"

ನನಗೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಹದಿನೆಂಟು ವರ್ಷದ ಹಿಂದಿನ ನನ್ನನ್ನು ನಾನೇ ಬಯ್ಯಲು ಹೋದಂತಾಗುತ್ತಿತ್ತು.

"ಹಾಕ್ಬ್ಯಾಡ ಕಣಪ್ಪ," ಅಂದೆ. "ಲೈಟ್ ಆರ್ಸಿ, ಸುಮ್ನೆ ಆನ್ ಮಾಡಿ ಇಟ್ಬುಡು."

ಅವನು ಒಂದು ಸಲ ನನ್ನ ಮುಖ ನೋಡಿ ಲೈಟು ಆರಿಸಿದ. ಹೆಂಗಸರ ದನಿ ಇನ್ನೊಂದಿಷ್ಟು ಮೇಲೆ ಹೋಯಿತು. ನುಗ್ಗೆ ಮರ ಮುಗಿದು ಬಚ್ಚಲ ಒಲೆಗೆ ಬಂದಿದ್ದರು. ಎಲೆ ಹಾಕಿದೆ, ಬನ್ನಿ ಅಂತ ಊಟದ ಮನೆಯಿಂದ ಮತ್ತೊಮ್ಮೆ ಕರೆದರು. ಹೊಸಿಲು ಅಪ್ಪಣೆ ಕೊಟ್ಟು ಪದ ಮುಗಿಯುವವರೆಗೂ ನಾನು ಊಟಕ್ಕೆ ಹೋಗಲಿಲ್ಲ.